ಎರಡು ಹೊಲದ ದಾರಿ

ಆಲ್ಡರ್‌ಲೋ ಊರಿಗೆ ಎರಡು ಹೊಲ ದಾಟುವಷ್ಟು ದಾರಿ ಬಾಕಿ ಇದೆ. ಅಳತೆ ಬೇಕೆಂದರೆ ಆರುನೂರ ಹತ್ತು ಹೆಜ್ಜೆ. ಅದೂ ಕ್ಲಿಫರ್ಡ್ ಫರ್ನಿಸ್‌ನ ಮಂಡಿ ನೆಟ್ಟಗಿದ್ದ ಕಾಲದ ಹೆಜ್ಜೆ. ಕೊಡಬೇಕಾದವರು ಕೌಂಟಿ ಕಚೇರಿಯವರು, ಅಂದರೆ ಜಿಲ್ಲಾಡಳಿತ. ಅದು ಜನರ ದಾರಿಯೆಂದು ಬರೆದುಕೊಡಿ ಎಂಬ ಅರ್ಜಿ ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ‘ನಿಮ್ಮ ಅರ್ಜಿ ಸರದಿಯಲ್ಲಿದೆ’ ಎಂಬ ಒಂದು ಸಾಲಿನ ಕಾಗದ ಬಿಟ್ಟರೆ ಅಲ್ಲಿಂದ ಏನೂ ಬಂದಿಲ್ಲ.

ಕ್ಲಿಫರ್ಡ್ ಹೋರಾಟಗಾರನಲ್ಲ. ಊರಾಚೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಮೂವತ್ತೆಂಟು ವರ್ಷ ಜಲ್ಲಿ ಯಂತ್ರದ ಬಾಯಿಗೆ ಬಂಡೆ ಉಣಿಸಿದವನು. ಯಂತ್ರದ ಸದ್ದಿಗೆ ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವಷ್ಟು ಹತ್ತಿರ ಯಾರೂ ಬರಲಿಲ್ಲ. ಕ್ವಾರಿಯಲ್ಲಿ ಅವನ ಪಾಳಿಗೆ ಗುರುವಾರ ರಜೆ. ನಲವತ್ತನೇ ವಯಸ್ಸಿನ ಒಂದು ಗುರುವಾರ, ಮನೆಯಲ್ಲಿ ಕೂತು ಗೋಡೆ ನೋಡಲಾರದೆ, ಚೀಸು ಮತ್ತು ಉಪ್ಪಿನೀರುಳ್ಳಿ ಇಟ್ಟ ಬ್ರೆಡ್ಡನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದ. ಆಮೇಲೆ ಗುರುವಾರ ತಪ್ಪಿಸಲಿಲ್ಲ.

ಅವನ ದಾರಿ ಸುತ್ತುದಾರಿ. ಚರ್ಚಿನ ಅಂಗಳದಲ್ಲಿ ತಲೆ ಮುರಿದ ಕಲ್ಲಿನ ಶಿಲುಬೆ ಇದೆ, ಅಲ್ಲಿಂದ ಶುರು. ಇಳಿಜಾರು ಇಳಿದು ಹೊಳೆ. ಹೊಳೆಗೆ ಹೇರುಗುದುರೆಗಳ ಕಾಲದ ಸೇತುವೆ. ಬೆನ್ನಿನ ಮೂಟೆ ತಾಗಬಾರದೆಂದು ಅದರ ಅಂಚಿನ ಗೋಡೆಯನ್ನು ಮೊಣಕಾಲೆತ್ತರಕ್ಕೇ ನಿಲ್ಲಿಸಿದ್ದಾರೆ. ದಾಟಿದರೆ ಪಾಳುಬಿದ್ದ ಸುಣ್ಣದ ಗೂಡು, ಅದರ ಹಿಂದೆ ಆ್ಯಶ್ ಮರಗಳ ಕಾಡು. ಮೇ ತಿಂಗಳಲ್ಲಿ ಕಾಡುಬೆಳ್ಳುಳ್ಳಿ ಹೂಬಿಟ್ಟು ಇಡೀ ಇಳಿಜಾರು ಅಡುಗೆಮನೆಯಂತೆ ನಾರುತ್ತದೆ. ಕಾಡು ಹತ್ತಿದರೆ ಹಳೆಯ ಸೀಸದ ಗಣಿಯ ಹೊಗೆಗೊಳವೆ. ಅದಕ್ಕಿಂತ ಮೇಲೆ ಹೈಕ್ರಾಫ್ಟ್ ತೋಟದ ಮನೆ, ಅದರ ಎರಡು ಹುಲ್ಲುಗಾವಲು. ಹುಲ್ಲುಗಾವಲು ದಾಟಿದರೆ ಬೋಳುಗುಡ್ಡ. ಗುಡ್ಡದ ನೆತ್ತಿಯಲ್ಲಿ ಯಾವ ಕಾಲದವರೋ ವೃತ್ತವಾಗಿ ನೆಟ್ಟ ಒಂಬತ್ತು ಕಲ್ಲು. ಐದು ಮಲಗಿವೆ, ನಾಲ್ಕು ನಿಂತಿವೆ. ಅಲ್ಲಿ ಬ್ರೆಡ್ಡು, ಫ್ಲಾಸ್ಕಿನ ಚಹ. ಆಮೇಲೆ ಗಾಡಿಗಳು ಸವೆಸಿ ಆಳ ಮಾಡಿದ ಓಣಿಯಲ್ಲಿಳಿದು ಮತ್ತೆ ಅದೇ ಶಿಲುಬೆ. ಏಳು ಮೈಲಿ.

ಒಬ್ಬನೇ ನಡೆಯುವವನಿಗೆ ಸುತ್ತುದಾರಿಯೇ ಆಗಬೇಕು. ಹೋದ ದಾರಿಯಲ್ಲೇ ಬರುವುದಾದರೆ ‘ಸಾಕು, ತಿರುಗೋಣ’ ಎಂದು ಯಾರಾದರೂ ಹೇಳಬೇಕು. ಕ್ಲಿಫರ್ಡ್‌ಗೆ ಹೇಳುವವರಿರಲಿಲ್ಲ. ಸುತ್ತುದಾರಿಯಲ್ಲಿ ಆ ಮಾತು ಬೇಕಿಲ್ಲ. ನಡೆಯುತ್ತಾ ಹೋದರೆ ದಾರಿಯೇ ತಂದು ಮನೆಗೆ ಬಿಡುತ್ತದೆ.

ಆ ಏಳು ಮೈಲಿಯಲ್ಲಿ ಅವನು ಬಾಯಿ ಬಿಡುತ್ತಿದ್ದದ್ದು ಒಂದೇ ಕಡೆ. ಹೈಕ್ರಾಫ್ಟ್ ಅಂಗಳದಲ್ಲಿ ನಿಂತು, ಟೋಪಿ ತೆಗೆದು, ಬಾಗಿಲ ಕಡೆ ಕೂಗುತ್ತಿದ್ದ.

“ಮಿಸೆಸ್ ಬ್ಯಾಗ್‌ಶಾ, ಮೇಲಕ್ಕೆ ಹೋಗ್ಲಾ?”

ಮಾರ್ಜರಿ ಬ್ಯಾಗ್‌ಶಾ ಹಾಲಿನ ಬಕೆಟ್ಟು ತೊಳೆಯುತ್ತಲೇ ಉತ್ತರ ಕೊಡುತ್ತಿದ್ದಳು. “ಹೋಗು ಡಕ್, ಗೇಟ್ ಹಾಕ್ಕೊಂಡು ಹೋಗು.” ಆ ಕಡೆ ಅಕ್ಕರೆಗೆ ಎಲ್ಲರೂ ಎಲ್ಲರಿಗೂ ಡಕ್ಕೇ. ಆದರೂ ಕ್ಲಿಫರ್ಡ್‌ಗೆ ವಾರಕ್ಕೊಮ್ಮೆ ಹಾಗೆ ಅನ್ನುವವಳು ಅವಳೊಬ್ಬಳೇ. ಕೆಲವು ಸಲ ಮಳೆ ಬರುತ್ತದೆಯೆಂದೋ ಕರು ಹಾಕಿದೆಯೆಂದೋ ಇನ್ನೊಂದು ಮಾತು ಸೇರುತ್ತಿತ್ತು. ಮೂವತ್ತೊಂದು ವರ್ಷ ಹೀಗೇ ನಡೆಯಿತು.

ಮಾರ್ಜರಿಯ ಗಂಡ ಸತ್ತ. ಅವಳ ಸೊಂಟ ಮುರಿಯಿತು. ವೃದ್ಧರ ಆರೈಕೆಮನೆಗೆ ಸೇರಿಸಿದರು, ತೋಟ ಮಾರಾಟವಾಯಿತು. ಅದಾದ ಮೇಲಿನ ಗುರುವಾರ ಕ್ಲಿಫರ್ಡ್ ಅಂಗಳಕ್ಕೆ ಹೋದಾಗ ಬಾಗಿಲಲ್ಲಿ ಹೊಸ ಯಜಮಾನ ಫೋನ್ ಹಿಡಿದು ನಿಂತಿದ್ದ. ನಲವತ್ತರೊಳಗಿನವನು. ಕಾಲಲ್ಲಿ ಕೆಸರು ಕಾಣದ ಬೂಟು.

“ಏನ್ ಬೇಕಿತ್ತು?”

“ಮೇಲಕ್ಕೆ ಹೋಗ್ಲಾ?”

“ಇಲ್ಲ. ಇದು ಖಾಸಗಿ ಜಾಗ.”

ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ. ಕ್ಲಿಫರ್ಡ್ ಟೋಪಿ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಹೋದ ದಾರಿಯಲ್ಲೇ ತಿರುಗಿದ. ಗಣಿಯ ಹೊಗೆಗೊಳವೆ, ಕಾಡು, ಸುಣ್ಣದ ಗೂಡು ಎಲ್ಲ ಎರಡನೇ ಸಲ ಎದುರಾದವು. ಬ್ರೆಡ್ಡು ಜೇಬಿನಲ್ಲೇ ಉಳಿಯಿತು. ಮುಂದಿನ ವಾರ ಅಲ್ಲಿ ಗೇಟಿಗೆ ಬೀಗ, ಗೋಡೆಯ ಮೇಲೆ ಮುಳ್ಳುತಂತಿ. ಎಂಟು ತಿಂಗಳು ಈ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಲು ಇದ್ದವರಾದರೂ ಯಾರು?

ಕೊನೆಗೆ ಅಂಚೆಪೆಟ್ಟಿಗೆಯ ಬಳಿ ಗ್ಲೆನಿಸ್ ಹಾಲಂ ಅವನನ್ನು ಹಿಡಿದು ಬಾಯಿ ಬಿಡಿಸಿದಳು. ಕ್ವಾರಿಯ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಸೌಟು ಹಿಡಿದವಳು, ಯೂನಿಯನ್ನಿನವಳು. ಮುಷ್ಕರದಲ್ಲಿ ಪೊಲೀಸರಿಗೂ ಗಂಜಿ ಬಡಿಸಿ ಬೈದವಳು. ಈಗ ಊರಿನ ಕಾಲುದಾರಿ ಸಂಘ ಅಂದರೆ ಅವಳೇ. ಕ್ಲಿಫರ್ಡ್‌ನನ್ನು ಅಡುಗೆಮನೆಯಲ್ಲಿ ಕೂರಿಸಿ, ಬಿಸಿ ಓಟ್ಸ್ ರೊಟ್ಟಿ ಮುಂದಿಟ್ಟು, ಅರ್ಜಿಯ ನಮೂನೆ ತೆಗೆದಳು.

“ಕಾನೂನು ಸುಲಭ ಇದೆ ಕಣಯ್ಯ. ಇಪ್ಪತ್ತು ವರ್ಷ ಜನ ರಾಜಾರೋಷವಾಗಿ, ಬಲವಂತ ಮಾಡ್ದೆ, ಯಾರ ಅಪ್ಪಣೆನೂ ಇಲ್ದೆ ನಡೆದಿದ್ರೆ ದಾರಿ ಜನರದ್ದು. ನಿನ್ನಂಥ ಸಾಕ್ಷಿ ಇಡೀ ಕೌಂಟೀಲಿ ಸಿಗಲ್ಲ. ಎಷ್ಟು ವರ್ಷ?”

“ಮೂವತ್ತೊಂದು.”

“ವಾರಕ್ಕೆಷ್ಟು ಸಲ?”

“ಒಂದು. ಗುರುವಾರ.”

“ಯಾವತ್ತಾದ್ರೂ ಯಾರನ್ನಾದ್ರೂ ಅಪ್ಪಣೆ ಕೇಳಿದ್ಯಾ? ಇಲ್ಲ ಅಂತ ಬರ್ಕೋತೀನಿ.”

“ಕೇಳ್ದೆ.”

ಗ್ಲೆನಿಸ್‌ಳ ಪೆನ್ನು ನಿಂತಿತು. “ಯಾವಾಗ?”

“ಪ್ರತಿ ಗುರುವಾರ.”

“ಪ್ರತಿ ಗುರುವಾರ? ಮೂವತ್ತೊಂದು ವರ್ಷ? ನಿಂಗೇನು ತಲೆ ಕೆಟ್ಟಿತ್ತಾ? ಜಮೀನಿನೋರನ್ನ ಕೇಳ್ದೆ ಈ ಬೆಟ್ಟದಲ್ಲಿ ನಡೀತೀವಿ ಅಂತ ಹೊರಟು ನಮ್ಮ ಹಿರೀಕರು ಜೈಲಿಗೆ ಹೋದ್ರು. ನೀನು ಟೋಪಿ ತೆಗೆದು ನಿಂತ್ಕೊಂಡ್ಯಾ?”

“ಬೇರೆಯವರ ಅಂಗಳ. ಕೇಳೋದು ಮರ್ಯಾದೆ.”

“ಆ ಮರ್ಯಾದೆಗೆ ನಿನ್ನ ಮೂವತ್ತೊಂದು ವರ್ಷನೂ ಸೊನ್ನೆ ಆಯ್ತು. ಅಪ್ಪಣೆ ಪಡೆದು ನಡೆದೋನು ಅತಿಥಿ. ಅತಿಥಿಗೆ ಹಕ್ಕಿಲ್ಲ.” ಎದ್ದು ಹೋಗಿ ಕೆಟಲಿಗೆ ನೀರು ತುಂಬಿಸಿದಳು. ಬೆನ್ನು ಮಾಡಿಕೊಂಡೇ ಹೇಳಿದಳು: “ನೋಡು. ಮಾರ್ಜರಿ ಆರೈಕೆಮನೇಲಿದಾಳೆ. ಗಂಡ ಮಣ್ಣಿಗೆ ಹೋದ. ಅಂಗಳದಲ್ಲಿ ಇನ್ಯಾರಿರ್ಲಿಲ್ಲ. ‘ಇಲ್ಲ’ ಅಂತ ಬರೆದು ಸಹಿ ಹಾಕು.”

ಕ್ಲಿಫರ್ಡ್ ರೊಟ್ಟಿಯನ್ನು ನಾಲ್ಕಾಗಿ ಮಡಿಸಿದ. ತಿನ್ನಲಿಲ್ಲ. ‘ಇಲ್ಲ’ ಎಂದು ಬರೆದರೆ ದಾರಿ ಸಿಗಬಹುದು, ಅದು ಅವನಿಗೂ ತಿಳಿಯಿತು. ಆದರೆ ಮೂವತ್ತೊಂದು ವರ್ಷದಲ್ಲಿ ಯಾರಾದರೂ ಅವನೊಡನೆ ಅಕ್ಕರೆಯಿಂದ ಆಡಿದ ಮಾತೆಂದರೆ ಅದೊಂದೇ. ಅದನ್ನು ಆಡಲೇ ಇಲ್ಲ ಎಂದು ತನ್ನ ಕೈಯಾರೆ ಬರೆದು ಕೆಳಗೆ ಹೆಸರು ಹಾಕಬೇಕು.

“ಆಗಲ್ಲ,” ಎಂದ.

“ದಾರಿ ಬೇಡ್ವಾ ನಿಂಗೆ?”

“ಬೇಕು.”

“ಹಂಗಾದ್ರೆ ಕೇಳದೆ ನಡೆದೋರನ್ನ ಹುಡುಕ್ಕೊಂಡ್ ಬಾ. ನಂಗೆ ಮನೆ ಮನೆ ಅಲೆಯೋ ಕಾಲಿಲ್ಲ, ನಿಂಗೆ ಬಾಯಿಲ್ಲ. ಹೆಂಗ್ ಮಾಡ್ತೀಯೋ ಮಾಡು.”

ಮೊದಲು ಹೋದದ್ದು ಆರೈಕೆಮನೆಗೆ. ಮಾರ್ಜರಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಕ್ಲಿಫರ್ಡ್ ಟೋಪಿ ತೆಗೆದ. ಅವಳು ಬಹಳ ಹೊತ್ತು ನೋಡಿ, “ಓ, ಕೇಳೋ ಮನುಷ್ಯ,” ಎಂದಳು. “ಇವತ್ತು ಗುರುವಾರನಾ?”

“ಅಲ್ಲ, ಮಂಗಳವಾರ.”

“ಮತ್ಯಾಕ್ ಬಂದೆ?”

ಅವನು ಬಂದ ಕಾರಣ ಹೇಳಿದ. ಅವಳು ನಕ್ಕಳು. ನಗು ಕೆಮ್ಮಿಗೆ ತಿರುಗಿ, ನರ್ಸ್ ಬಂದು ನೀರು ಕೊಟ್ಟು ಹೋದಳು.

“ನೀನ್ಯಾಕೆ ಕೇಳ್ತಿದ್ದೆ ಅಂತ ನಂಗೂ ನಮ್ಮನೆಯೋರ್ಗೂ ಗೊತ್ತಾಗ್ತಾನೇ ಇರ್ಲಿಲ್ಲ ಡಕ್. ಊರೋರ್ಯಾರೂ ಕೇಳ್ತಿರ್ಲಿಲ್ಲ. ಚರ್ಚಿನ ಗಂಟೆ ಹೊಡೆಯೋರು ದಂಡು ಕಟ್ಕೊಂಡ್ ಹೋಗ್ತಿದ್ರು. ಬ್ರೆಡ್ಡಿನ ಅಂಗಡಿ ಅಕ್ಕತಂಗಿಯರು ಬಿಲ್‌ಬೆರಿ ಹಣ್ಣಿಗೆ ಹೋಗ್ತಿದ್ರು, ಗೇಟ್ ಸಹಿತ ಹಾಕ್ತಿರ್ಲಿಲ್ಲ ಮುಂಡೇವು. ನಮ್ಮನೆಯೋರು ಅಂತಿದ್ರು, ಅದು ಅವ್ರ ದಾರಿ, ನಾವ್ಯಾರು ಅಂತ. ನೀನು ಬಂದಾಗೆಲ್ಲ ಅನ್ನೋರು, ಬಂದ ನೋಡು ಕೇಳೋನು, ಹೂಂ ಅಂದು ಕಳ್ಸು ಅಂತ.”

“ನನ್ ಹೆಸರು ಕ್ಲಿಫರ್ಡ್.”

“ಹೌದಾ? ಹೇಳೇ ಇರ್ಲಿಲ್ವಲ್ಲ.”

ಅವನು ಹೇಳಿರಲಿಲ್ಲ, ನಿಜ. ಅವಳೂ ಕೇಳಿರಲಿಲ್ಲ.

ಅವಳು ನೆನಪಿಸಿಕೊಂಡ ಹೆಸರುಗಳನ್ನೆಲ್ಲ ಬ್ರೆಡ್ಡು ಸುತ್ತಿದ ಕಾಗದದ ಮೇಲೆ ಬರೆದುಕೊಂಡ. ಹನ್ನೊಂದು. ಅಂದಿನಿಂದ ಒಂದು ತಿಂಗಳು, ಊರಲ್ಲಿ ಯಾರ ಬಾಗಿಲನ್ನೂ ತಟ್ಟದವನು ಒಂದೊಂದಾಗಿ ತಟ್ಟಿದ. ಐದು ಮಂದಿ ಚರ್ಚಿನ ಅಂಗಳದಲ್ಲೇ ಸಿಕ್ಕಿದರು, ಗೋರಿಕಲ್ಲಿನ ಕೆಳಗೆ. ಇಬ್ಬರು ಊರು ಬಿಟ್ಟಿದ್ದರು. ಉಳಿದ ನಾಲ್ವರಲ್ಲಿ ಬ್ರೆಡ್ಡಿನ ಅಂಗಡಿಯ ತಂಗಿ ಒಬ್ಬಳು.

“ಕೇಳೋದಾ? ಯಾರನ್ನ? ಹುಲ್ಲನ್ನಾ?” ಎಂದು ನಿಂತಲ್ಲೇ ಸಹಿ ಹಾಕಿದಳು. ಆಮೇಲೆ ಅವನನ್ನೇ ದಿಟ್ಟಿಸಿದಳು. “ಗುಡ್ಡದ ಮೇಲೆ ಕಲ್ಲಿಗೆ ಒರಗಿ ಕೂತು ಬ್ರೆಡ್ ತಿನ್ತಿದ್ದೋನು ನೀನೇ ಅಲ್ವಾ? ಎಷ್ಟು ಸಲ ನೋಡಿದೀವಿ. ಮಾತಾಡ್ಸೋಣ ಅಂದ್ರೆ ಅಕ್ಕ ಬೇಡ ಅನ್ನೋಳು. ಒಬ್ನೇ ಇರೋಕೆ ಬಂದಿದಾನೆ ಬಿಡು ಅನ್ನೋಳು.”

ಕ್ಲಿಫರ್ಡ್ ಕಾಗದ ಮಡಿಸಿ ಜೇಬಿಗಿಟ್ಟು ಹೊರಟ. ಬೀದಿಯ ಕೊನೆವರೆಗೂ ಹೋಗಿ ನಿಂತ. ಅಕ್ಕ ಸತ್ತು ಆರು ವರ್ಷವಾಗಿತ್ತು. ವಾಪಸ್ಸು ಹೋಗಿ ಹೇಳುವಂಥದ್ದೇನೂ ಉಳಿದಿರಲಿಲ್ಲ.

ಮಾರ್ಜರಿಯ ಹೇಳಿಕೆಯನ್ನು ಗ್ಲೆನಿಸ್ ತಾನೇ ಹೋಗಿ ಬರೆದುಕೊಂಡು ಬಂದಳು. ಅದಾದ ಹದಿನೈದು ದಿನಕ್ಕೆ ಮಾರ್ಜರಿ ತೀರಿಕೊಂಡಳು. ಆ ಹೇಳಿಕೆ, ನಾಲ್ಕು ಸಾಕ್ಷಿ, ಒಂದು ನಕ್ಷೆ ಕೌಂಟಿ ಕಚೇರಿಗೆ ಹೋದವು. ಕ್ಲಿಫರ್ಡ್ ಕೂಡ ನಮೂನೆ ತುಂಬಿ ತಂದಿದ್ದ. ಅಪ್ಪಣೆ ಕೇಳಿದ್ದೀರಾ ಎಂಬಲ್ಲಿ ‘ಹೌದು, ಪ್ರತಿ ಗುರುವಾರ, ಮಿಸೆಸ್ ಬ್ಯಾಗ್‌ಶಾ ಅವರನ್ನು’ ಎಂದು ದುಂಡಗೆ ಬರೆದಿತ್ತು. ಗ್ಲೆನಿಸ್ ಓದಿ ಅವನ ಕೈಗೇ ಕೊಟ್ಟಳು.

“ಇದನ್ನ ಕಳಿಸಿದ್ರೆ ತೋಟದೋನ ವಕೀಲ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸ್ಕೋತಾನೆ.”

“ಕಳಿಸ್ಬೇಡ.”

“ಮತ್ಯಾಕಯ್ಯ ಬರೆದೆ?”

ಅವನು ಅದನ್ನು ಮನೆಗೆ ಒಯ್ದ. ನಮೂನೆ ಈಗ ಅವನ ಮನೆಯ ಗಡಿಯಾರದ ಹಿಂದಿದೆ.

ನಾಲ್ಕು ಸಾಕ್ಷಿ ಸಾಲದು, ವಿಚಾರಣೆ ಬರುವುದರೊಳಗೆ ಇನ್ನೂ ಬೇಕು ಎಂದು ಗ್ಲೆನಿಸ್ ಹೇಳಿದ್ದಾಳೆ. ಆದ್ದರಿಂದ ಎಪ್ಪತ್ನಾಲ್ಕರ ಕ್ಲಿಫರ್ಡ್ ಪ್ರತಿ ಗುರುವಾರ ಕಾಡು ಹತ್ತಿ ಬೀಗ ಹಾಕಿದ ಗೇಟಿನ ಬಳಿ ಮಡಿಸುವ ಸ್ಟೂಲು ಹಾಕಿ ಕೂರುತ್ತಾನೆ. ಗೇಟು ಹತ್ತುವುದಿಲ್ಲ, ತಂತಿ ಕತ್ತರಿಸುವುದಿಲ್ಲ. ಹಳೆಯ ನಕ್ಷೆ ಹಿಡಿದು ಬಂದವರು ಬೀಗ ನೋಡಿ ಬೈದು ತಿರುಗುವಾಗ ಎದ್ದು ನಿಲ್ಲುತ್ತಾನೆ. ಟೋಪಿ ಮಾತ್ರ ತೆಗೆಯುವುದಿಲ್ಲ.

“ಮುಂಚೆ ಈ ದಾರೀಲಿ ನಡೆದಿದೀರಾ? ಯಾರನ್ನಾದ್ರೂ ಕೇಳಿದ್ರಾ?”

ಹೆಚ್ಚಿನವರು ಮೊದಲ ಸಲ ಬಂದವರು. ಕೆಲವರು ಹುಚ್ಚನೆಂದು ಬಗೆದು ಪಕ್ಕಕ್ಕೆ ಸರಿದು ಹೋಗುತ್ತಾರೆ. ಹೋದ ವರ್ಷವೆಲ್ಲ ಸೇರಿ ಎರಡು ಸಹಿ ಸಿಕ್ಕಿವೆ. ಗೇಟಿನಾಚೆ ಹುಲ್ಲು ಸೊಂಟದುದ್ದ ಬೆಳೆದು, ಕಾಲು ಸವೆಸಿದ ಗೆರೆ ಇನ್ನೇನು ಮುಚ್ಚಿಹೋಗುತ್ತದೆ. ಗೆರೆ ಮುಚ್ಚಿದರೆ ತೋರಿಸಲು ಕಾಗದವೊಂದೇ ಗತಿ. ಬೆಳಕು ಇಳಿಯುತ್ತಿದ್ದಂತೆ ಅವನು ಸ್ಟೂಲು ಮಡಿಸಿ ಹೋದ ದಾರಿಯಲ್ಲೇ ತಿರುಗಿ ಬರುತ್ತಾನೆ. ತಿರುಗು ಎಂದು ಅವನಿಗೆ ಹೇಳುವವರು ಈಗಲೂ ಯಾರೂ ಇಲ್ಲ.

ಇದನ್ನು ಓದುತ್ತಿರುವ ನಿಮ್ಮ ಊರಲ್ಲೂ ಒಂದು ದಾರಿ ಇದೆ. ಕೆರೆ ಏರಿಯ ಮೇಲಿನದೋ, ಬಡಾವಣೆಯ ಕಾಂಪೌಂಡು ನುಂಗಿದ ಬಂಡಿದಾರಿಯೋ, ಗುಡ್ಡದ ವೀರಗಲ್ಲಿನವರೆಗೆ ಹೋಗುತ್ತಿದ್ದದ್ದೋ. ನೀವು ಅಲ್ಲಿ ಯಾರನ್ನೂ ಕೇಳದೆ ನಡೆದಿದ್ದೀರಿ. ಯಾವ ವರ್ಷದಿಂದ, ಎಲ್ಲಿಂದ ಎಲ್ಲಿಗೆ, ಜೊತೆಗೆ ಯಾರು ಯಾರಿದ್ದರು? ಅವರು ಕಲ್ಲಿನ ಕೆಳಗೆ ಸೇರುವ ಮುಂಚೆ, ಇವತ್ತೇ, ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಿ, ಅವರದ್ದೂ ಹಾಕಿಸಿ.