ಹತ್ತು ವರ್ಷಕ್ಕೊಮ್ಮೆ ಬರುವ ಮಳೆ

ಚರಂಡಿಗೆ ಲೆಕ್ಕ ಹಾಕುವುದು ನನ್ನ ಕೆಲಸ. ಎಂಥ ಮಳೆಗೆ ಎಷ್ಟು ನೀರು ಹರಿದೀತು, ಅಂಥ ಮಳೆ ಬರುವ ಸಂಭವವೆಷ್ಟು ಎಂದು ಹಳೆಯ ದಾಖಲೆ ನೋಡಿ ಅಂದಾಜು ಮಾಡಿ, ಚರಂಡಿ ಎಷ್ಟು ಅಗಲವಿರಬೇಕೆಂದು ಹೇಳುವವಳು ನಾನು. ಆ ಲೆಕ್ಕದ ಬಗ್ಗೆ ನನಗೆ ಕೊಂಚ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹೊನ್ನಾಳಿಯ ಒಂದು ತಗ್ಗು ಓಣಿಗೆ ಅಳತೆಗೆ ಹೋದಾಗ ಬಟ್ಟೆ ಹೊಲಿಯುವ ಅಕ್ಕನೊಬ್ಬಳ ಪರಿಚಯವಾಯಿತು. ಹಿಂದಿನ ವಾರವಷ್ಟೇ ಅವಳ ಅಂಗಡಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಮೋಟಾರಿನ ಹೊಲಿಗೆ ಮಿಷನ್ ಮಾತ್ರ ಬಚಾವಾಗಿತ್ತು. ಅದನ್ನು ಮೊದಲಿನಿಂದಲೂ ನಾಲ್ಕು ಸೈಜುಗಲ್ಲಿನ ಮೇಲೆ ಏರಿಸಿಟ್ಟಿದ್ದಳು. ಎತ್ತರದ ಸ್ಟೂಲಿನಲ್ಲಿ ಕೂತು ಕೂತು ಅವಳ ಸೊಂಟ ಹಿಡಿದುಹೋಗಿತ್ತು.

"ಮೇಡಂ, ಇಂಥ ಮಳೆ ಮತ್ತೆ ಯಾವಾಗ ಬರತೈತ್ರೀ?"

"ಇದು ಹತ್ತು ವರ್ಷಕ್ಕೊಮ್ಮೆ ಬರೋ ಮಳೆ ಅಕ್ಕ," ಎಂದೆ ಟೇಪು ಸುತ್ತುತ್ತಾ.

"ಹಂಗಾದ್ರೆ ಕಲ್ಲು ತೆಗೆಯಾಕೆ ಅಡ್ಡಿಯಿಲ್ಲ ಬಿಡ್ರಿ!" ಎಂದು ನಕ್ಕಳು.

ತಮಾಷೆಗೆ ಅಂದಳೆಂದು ನಾನೂ ನಕ್ಕೆ. ಬಿಸಿಲು ನೆತ್ತಿ ಸುಡುತ್ತಿತ್ತು, ಇನ್ನೂ ಎರಡು ಓಣಿ ಅಳೆಯುವುದಿತ್ತು.

ಮರುವರ್ಷವೂ ಅಷ್ಟೇ ಮಳೆ ಬಂತು. ಹೊಸ ಚರಂಡಿ ಇನ್ನೂ ಕಾಗದದಲ್ಲೇ ಇತ್ತು. ಮತ್ತೆ ಆ ಓಣಿಗೆ ಹೋದರೆ ಮಿಷನ್ ನೆಲದ ಮೇಲಿದೆ, ಮೋಟಾರಿನ ತುಂಬ ಕೆಸರು.

"ಲೆಕ್ಕ ತಪ್ಪಾತೇನ್ರಿ ಮೇಡಂ?" ಎಂದಳು ಅಕ್ಕ. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಲೆಕ್ಕ ಸರಿಯಾಗಿಯೇ ಇತ್ತು, ಅದೇ ನನ್ನ ಕರ್ಮ! ಅವಳ ಅಂಗಿ ಗುಂಡಿಗಳ ರಾಶಿಯಿಂದ ಒಂಬತ್ತು ಬಿಳಿ, ಒಂದು ಕೆಂಪು ಆರಿಸಿ ಖಾಲಿ ಡಬ್ಬಿಗೆ ಹಾಕಿದೆ. ವರ್ಷಕ್ಕೊಂದು ಸಲ ಕಣ್ಣು ಮುಚ್ಚಿ ಒಂದು ಗುಂಡಿ ತೆಗೆಯುವುದು, ಕೆಂಪು ಬಂದರೆ ಅಂಥ ಮಳೆ ಎಂದೆ. ತೆಗೆದದ್ದನ್ನು ಮತ್ತೆ ಅದೇ ಡಬ್ಬಿಗೆ ಹಾಕುವುದು, ಮುಂದಿನ ವರ್ಷಕ್ಕೂ ಆ ಹತ್ತೇ ಗುಂಡಿ ಎಂದೆ.

ಅವಳು ಕೆಂಪು ಗುಂಡಿಯನ್ನು ಎತ್ತಿಕೊಂಡು ನೋಡಿದಳು.

"ಅಂದ್ರೆ ಹೋದ ವರ್ಷ ಬಂದಿದ್ದು ಈ ವರ್ಷನೂ ಬರಬೋದು. ಇಷ್ಟೇನಾ? ಇದನ್ನ ಅವತ್ತೇ ಹೇಳಾಕೆ ಎಷ್ಟೊತ್ತು ಬೇಕಿತ್ರೀ?"

ನನಗೆ ತುಂಬ ನಾಚಿಕೆಯಾಯಿತು. ಹಿತ್ತಲಲ್ಲಿ ಬಿದ್ದಿದ್ದ ನಾಲ್ಕು ಸೈಜುಗಲ್ಲನ್ನು ಒಂದೊಂದಾಗಿ ನಾನೇ ಹೊತ್ತು ತಂದೆ.