ದಂತಚಕ್ರದ ಸ್ನೇಹ

ನನಗೆ ಈಜು ಬರುವುದಿಲ್ಲ. ದೋಣಿಯಲ್ಲಿ ಕೂತರೆ ಎರಡೂ ಕೈಯಿಂದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ, ದೋಣಿಯನ್ನು ದಡಕ್ಕೆ ಕಟ್ಟಿದ್ದರೂ ಅಷ್ಟೇ. ಹೀಗಿದ್ದೂ ದೋಣಿಯ ಮೋಟಾರಿನ ಮೇಲೆ ಕನ್ನಡದಲ್ಲಿ ಒಂದು ಗ್ರಂಥ ಬರೆದಿದ್ದೇನೆ. ಒಂದೂವರೆ ಪುಟದ ಗ್ರಂಥ. ಅದನ್ನು ಶ್ರದ್ಧೆಯಿಂದ ಓದಿದವನು ಒಬ್ಬನೇ. ಓದಿದ್ದಕ್ಕೆ ಅವನ ಕೆಲಸ ಹೋಗುವುದರಲ್ಲಿತ್ತು.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಗದಗಿನ ಕಡೆಯವನು. ನಮ್ಮ ಕಡೆ ನೀರನ್ನು ಕೊಡದಲ್ಲಿ ನೋಡಿ ರೂಢಿಯೇ ಹೊರತು ಅದರ ಮೇಲೆ ಕೂತು ಹೋಗಿ ಗೊತ್ತಿಲ್ಲ. ಮತ್ತಿಕೆರೆಯಲ್ಲಿ ಒಂದು ಕೋಣೆ ಹಿಡಿದು, ಕೆರೆಗಳ ಉಸ್ತುವಾರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹೆಬ್ಬಾಳ ಕೆರೆಯಲ್ಲಿ ನಮ್ಮದೊಂದು ದೋಣಿ ಇತ್ತು, ಅದರ ಬೆನ್ನಿಗೆ ನೇತುಹಾಕಿದ ಮೋಟಾರು ಇತ್ತು, ಓಡಿಸಲು ಮುನಿಯಪ್ಪ ಇದ್ದ. ಹೆಬ್ಬಾಳದವನೇ, ನನ್ನ ವಯಸ್ಸಿನವನೇ. ನೀರಿನ ಮೇಲೆ ಹಬ್ಬುವ ಅಂತರಗಂಗೆ ಕಳೆ ಕಿತ್ತು ದಡಕ್ಕೆ ಎಳೆದು ತರುವುದು ಅವನ ಕೆಲಸ. ಏಳು ವರ್ಷದಿಂದ ದಿನಗೂಲಿಯ ಮೇಲಿದ್ದ ಅವನ ಹೆಸರು ಆ ಸಲ ಖಾಯಂ ಆಗುವವರ ಪಟ್ಟಿಯಲ್ಲಿತ್ತು.

ಆಗ ಕಚೇರಿಯಲ್ಲಿ ಎಲ್ಲವೂ ಕನ್ನಡದಲ್ಲೇ ಆಗಬೇಕೆಂಬ ಉತ್ಸಾಹ ಎದ್ದಿತ್ತು. ಸಾಹೇಬರು ನನ್ನನ್ನು ಕರೆದು, ನೀವು ಕನ್ನಡ ಎಂ.ಎ. ಅಲ್ವೇನ್ರೀ ಎಂದು ಮೋಟಾರಿನ ಇಂಗ್ಲಿಷ್ ಕೈಪಿಡಿಯನ್ನು ಕೈಗಿಟ್ಟರು. ಗೇರಿನ ಎಣ್ಣೆ ಬದಲಾಯಿಸುವ ಭಾಗವನ್ನು ಕನ್ನಡ ಮಾಡಿ ಕೆರೆಯ ಶೆಡ್ಡಿಗೆ ಅಂಟಿಸಿದರೆ ಯಶವಂತಪುರದಿಂದ ಮೆಕ್ಯಾನಿಕ್ಕನ್ನು ಕರೆಸುವ ತಾಪತ್ರಯ ತಪ್ಪುತ್ತದೆ ಎಂಬುದು ಅವರ ಲೆಕ್ಕ. ಒಂದು ಭಾನುವಾರವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಗೇರು ದಂತಚಕ್ರವಾಯಿತು. ತೂತು ರಂಧ್ರವಾಯಿತು. ಕೊನೆಗೆ ಎಣ್ಣೆಯ ಹತ್ತಿರ ಬಂದು ನಿಂತೆ.

ನಿಘಂಟು 'ಕೀಲೆಣ್ಣೆ' ಎನ್ನುತ್ತಿತ್ತು. ಛೇ, ಗಾಡಿ ಹೊಡೆಯುವವರ ಮಾತು ಅನ್ನಿಸಿತು. ಎಂ.ಎ. ಮಾಡಿದ್ದು ಕೀಲೆಣ್ಣೆ ಬರೆಯಲಿಕ್ಕೇನು? ಸಂಸ್ಕೃತದಲ್ಲಿ ಎಣ್ಣೆಗೆ, ಜಿಡ್ಡಿಗೆ ಸ್ನೇಹ ಎಂಬ ಹೆಸರಿದೆ. ಆಯುರ್ವೇದದ ವೈದ್ಯರು ರೋಗಿಗೆ ತುಪ್ಪ ಕುಡಿಸಿ ಅದಕ್ಕೆ ಸ್ನೇಹಪಾನ ಅನ್ನುತ್ತಾರೆ. ಎಣ್ಣೆಗೂ ಒಲವಿಗೂ ನಮ್ಮ ಹಿರಿಯರು ಒಂದೇ ಪದ ಇಟ್ಟಿದ್ದಾರೆಂದರೆ ಎಂಥ ಅನುಭವಸ್ಥರು, ಎರಡೂ ಇಲ್ಲದಿದ್ದರೆ ತಿಕ್ಕಾಟವೇ ಅಲ್ಲವೇ ಎಂದುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಗೋಡೆಗೆ ಹೋದ ಹಾಳೆಯಲ್ಲಿ ಹೀಗಿತ್ತು:

'ದಂತಚಕ್ರದ ಸ್ನೇಹವನ್ನು ಆರು ತಿಂಗಳಿಗೊಮ್ಮೆ ಬದಲಾಯಿಸತಕ್ಕದ್ದು. ಹಳೆಯ ಸ್ನೇಹವನ್ನು ಸಂಪೂರ್ಣವಾಗಿ ಬಸಿದು ಹಾಕತಕ್ಕದ್ದು. ಹೊಸ ಸ್ನೇಹವನ್ನು ಯಾವಾಗಲೂ ಕೆಳಗಿನಿಂದ ತುಂಬತಕ್ಕದ್ದು. ಸ್ನೇಹವು ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದು ತಿಳಿಯತಕ್ಕದ್ದು.'

ಸಾಹೇಬರಿಗೆ ಬಹಳ ಹಿಡಿಸಿತು. ಮಾದರಿ ಅನುವಾದವೆಂದು ಅದನ್ನು ಬೇರೆ ಕಚೇರಿಗಳಿಗೂ ಕಳಿಸಿದರು. ನಾನು ಕೆಲವು ದಿನ ಕತ್ತು ನೆಟ್ಟಗೆ ಮಾಡಿಕೊಂಡು ಓಡಾಡಿದೆ.

ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಕೆರೆ ತಪಾಸಣೆಗೆ ಹೊರಟರು. ಅವರಿಗೂ ಮುನಿಯಪ್ಪನಿಗೂ ಮೊದಲಿಂದಲೂ ಎಣ್ಣೆ ಸೀಗೆಕಾಯಿ. ನಟ್ಟನಡು ಕೆರೆಯಲ್ಲಿ ಮೋಟಾರು ಒಮ್ಮೆ ನರಳಿ ನಿಂತುಬಿಟ್ಟಿತು. ಹಗ್ಗ ಎಳೆದರೆ ಎಂಜಿನ್ ಏಳುತ್ತಿತ್ತು, ಗೇರಿಗೆ ಹಾಕಿದ ಕೂಡಲೇ ಸಾಯುತ್ತಿತ್ತು. ಮುನಿಯಪ್ಪ ನೀರಿಗಿಳಿದು, ಕುತ್ತಿಗೆಮಟ್ಟ ಅಂತರಗಂಗೆಯಲ್ಲಿ ದೋಣಿಯನ್ನು ನೂಕಿಕೊಂಡು ಬಂದ. ಸಾಹೇಬರು ಬೂಟು ಕೈಯಲ್ಲಿ ಹಿಡಿದು ದಡ ಹತ್ತಿದರು. ಮಧ್ಯಾಹ್ನವೇ ನನ್ನ ಮೇಜಿಗೆ ಫೈಲು ಬಂತು. ಕನ್ನಡದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದು ಅಂಟಿಸಿದ್ದರೂ ಎಣ್ಣೆ ಬದಲಾಯಿಸದ ಮುನಿಯಪ್ಪನನ್ನು ಖಾಯಂ ಪಟ್ಟಿಯಿಂದ ಏಕೆ ತೆಗೆಯಬಾರದು ಎಂದು ನೋಟಿಸು ತಯಾರಿಸಬೇಕು. ತಯಾರಿಸಬೇಕಾದವನು ನಾನು.

ಪೆನ್ನು ಮುಂದೆ ಹೋಗಲಿಲ್ಲ. ಹೆಬ್ಬಾಳಕ್ಕೆ ಬಸ್ಸು ಹತ್ತಿದೆ. ಮುನಿಯಪ್ಪ ಶೆಡ್ಡಿನಲ್ಲಿ ಮೋಟಾರನ್ನು ಮರದ ಚೌಕಟ್ಟಿಗೆ ತೂಗುಹಾಕಿ ಎದುರಿಗೆ ಕೂತಿದ್ದ. ಗೋಡೆಯ ಮೇಲಿನ ಹಾಳೆ ಓದಲಿಲ್ಲವೇನಪ್ಪ ಎಂದು ಕೇಳಿದೆ.

"ಓದಿವ್ನಿ ಸಾಮಿ, ದಿನಾ ಓದ್ತೀನಿ," ಅಂದ. "ಆದ್ರೆ ಆರ್ ತಿಂಗ್ಳಿಗೊಂದ್ಕಿತ ಸ್ನೇಹ ಬದಲಾಯ್ಸೋದು ನಿಮ್ ಆಪೀಸ್ನಾಗೆ ನಡೀತದೇನೋ, ನಮ್ ಕೈಲಾಗಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಅದನ್ನು ಗೋಡೆಗೆ ಬರೆಸುವ ಸುಭಾಷಿತ ಎಂದುಕೊಂಡಿದ್ದನಂತೆ. ಹಲ್ಲು ಕಿರಿಯುವವರ ಸ್ನೇಹ ಬೇಡ ಎಂದು ದಂತಚಕ್ರಕ್ಕೆ ಅರ್ಥ ಮಾಡಿಕೊಂಡಿದ್ದ. ಬೆಳ್ಳಗಿರುವವರ ಸ್ನೇಹದಲ್ಲಿ ನೀರು ಬೆರೆತಿರುತ್ತದೆ ಎಂಬ ಸಾಲು ಮಾತ್ರ ಬೆಳ್ಳಗಿದ್ದ ನಮ್ಮ ಸಾಹೇಬರನ್ನು ಕುರಿತು ನಾನು ಧೈರ್ಯವಾಗಿ ಬರೆದದ್ದೆಂದು ನನ್ನ ಮೇಲೆ ಗೌರವ ಬೇರೆ ಇಟ್ಟುಕೊಂಡಿದ್ದ. ನಾನು ತಡವರಿಸುತ್ತಾ, ಸ್ನೇಹ ಅಂದರೆ ಎಣ್ಣೆ ಕಣಪ್ಪ, ಕೀಲೆಣ್ಣೆ ಅಂದೆ. ಕೀಲೆಣ್ಣೆ ಅಂತಲೇ ಬರೆದಿದ್ದರೆ ನಮ್ಮಪ್ಪ ಎತ್ತಿನ ಗಾಡಿಗೆ ಹಾಕಿದ ಹಾಗೆ ಹಬ್ಬ ಹಬ್ಬಕ್ಕೂ ಹಾಕುತ್ತಿದ್ದೆ ಎಂದ ಮುನಿಯಪ್ಪ. ಅಷ್ಟು ನಾಚಿಕೆ ನನಗೆ ಎಂ.ಎ. ಮೌಖಿಕ ಪರೀಕ್ಷೆಯಲ್ಲೂ ಆಗಿರಲಿಲ್ಲ.

ಇಬ್ಬರೂ ಸೇರಿ ಕೆಲಸಕ್ಕೆ ಕೂತೆವು. ಕೆಳಗಿನ ತಿರುಪು ಬಿಚ್ಚಿದರೆ ನಾಲ್ಕು ಹನಿ ಬಿತ್ತು, ಅಷ್ಟೇ. ಮೇಲೊಂದು ತೂತಿದೆ, ಅದನ್ನೂ ಬಿಚ್ಚಿದರೆ ಗಾಳಿ ಆಡುತ್ತದೆ ಎಂದು ನನ್ನ ಪುಟದಲ್ಲೇ ಇತ್ತು, ಬರೆದ ನನಗೇ ನೆನಪಿರಲಿಲ್ಲ. ಬಿಚ್ಚಿದ ಕೂಡಲೇ ಗೊಳಗೊಳನೆ ಇಳಿಯಿತು, ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ. ತಿರುಪಿನ ವಾಷರ್ ಸವೆದು ನೀರು ನುಗ್ಗಿತ್ತು. ಸೀಮೆಎಣ್ಣೆ ಹುಯ್ದು ತೊಳೆದು, ನೀರು ತಳ್ಳುವ ರೆಕ್ಕೆಯನ್ನು ಕೈಯಿಂದ ಅಲ್ಲಾಡಿಸುತ್ತಾ ಹೋದಂತೆ ಬಿಗಿದಿದ್ದ ಗೇರು ಸಡಿಲವಾಯಿತು. ಪುಣ್ಯಕ್ಕೆ ಹಲ್ಲು ಮುರಿದಿರಲಿಲ್ಲ. ಹೊಸ ವಾಷರ್ ತಂದೆವು. ಹೊಸ ಎಣ್ಣೆಯನ್ನು ಮೇಲಿನಿಂದ ಸುರಿಯಲು ಹೋದ ನನ್ನ ಕೈಯನ್ನು ಮುನಿಯಪ್ಪ ತಡೆದ. ಮೇಲಿಂದ ಹಾಕಿದರೆ ಗಾಳಿ ಒಳಗೇ ಉಳಿಯುತ್ತದೆ, ತುಂಬಿತು ಅನ್ನಿಸುತ್ತದೆ, ತುಂಬಿರುವುದಿಲ್ಲ ಅಂದ. ಕೆಳಗಿನ ತೂತಿಗೆ ಎಣ್ಣೆಯ ಕೈಪಂಪು ಇಟ್ಟು ಒತ್ತುತ್ತಾ ಹೋದ. ಮೇಲಿನ ತೂತಲ್ಲಿ ಎಣ್ಣೆ ಇಣುಕಿದಾಗ ಮೊದಲು ಮೇಲಿನದನ್ನು, ಆಮೇಲೆ ಕೆಳಗಿನದನ್ನು ಬಿಗಿದೆವು.

ಮರುದಿನ ನೋಟಿಸಿನ ಬದಲು ಟಿಪ್ಪಣಿ ಬರೆದೆ. ತಪ್ಪು ಓದಿದವನದಲ್ಲ, ಬರೆದವನದು ಎಂದು. ಸಾಹೇಬರು ಓದಿ, "ಸ್ನೇಹ ಅಂದ್ರೆ ಎಣ್ಣೇನೇನ್ರೀ?" ಎಂದು ಕೇಳಿದರು. ಅವರೂ ಎಂಟು ತಿಂಗಳಿಂದ ಅರ್ಥವಾಗದೆಯೇ ಮೆಚ್ಚಿದ್ದರು ಎಂದು ಆಗ ಗೊತ್ತಾಯಿತು. ಅದು ಹೊರಗೆ ಬೀಳುವುದು ಅವರಿಗೂ ಬೇಕಿರಲಿಲ್ಲ. ಫೈಲು ಮುಚ್ಚಿತು, ಮುನಿಯಪ್ಪ ಖಾಯಂ ಆದ, ನನ್ನ ಹೆಸರು ಅನುವಾದದ ಕೆಲಸದಿಂದ ಸದ್ದಿಲ್ಲದೆ ಬಿಟ್ಟುಹೋಯಿತು. ಕೀಲೆಣ್ಣೆ ಎಂದು ತಿದ್ದಿದ ಹೊಸ ಹಾಳೆ ಶೆಡ್ಡಿಗೆ ಹೋಯಿತು. ಹಳೆಯದನ್ನು ಹರಿಯಲು ಮುನಿಯಪ್ಪ ಬಿಡಲಿಲ್ಲ.

ಅಂದಿನಿಂದ ಎಣ್ಣೆ ಬದಲಾಯಿಸುವ ದಿನ ನಾನು ಹೆಬ್ಬಾಳಕ್ಕೆ ಹೋಗಿ ಮೇಲಿನ ತೂತು ಕಾಯುವುದು ರೂಢಿಯಾಯಿತು. ಅಷ್ಟಕ್ಕೆ ಮಾತ್ರ ನಾನು ಲಾಯಕ್ಕು ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನನಗೆ ಬೇರೆ ಕಚೇರಿಗೆ ವರ್ಗವಾಯಿತು, ಹೊಸ ಜಾಗ, ಹೊಸ ಜನ, ಒಂದು ಸಲ ಎಣ್ಣೆಯ ದಿನ ತಪ್ಪಿಸಿಬಿಟ್ಟೆ. ವಾರ ಕಳೆಯುವುದರೊಳಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಹೆಬ್ಬಾಳದ ಯಾವುದೋ ಅಂಗಡಿಯಿಂದ ಮುನಿಯಪ್ಪ.

"ಸಾಮಿ, ಆರ್ ತಿಂಗ್ಳಾಯ್ತು. ಬರ್ತೀರೋ, ಇಲ್ಲ ಬದಲಾಯ್ಸಿಬಿಡ್ಲೋ?"

ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ.