ಸುಣ್ಣದ ಡಬ್ಬಿ ಮತ್ತು ಅಕ್ಕನ ಬೆರಳುಗಳು

ಸುಣ್ಣದ ಡಬ್ಬಿಯನ್ನು ತಿಪ್ಪೆಗೆ ಎಸೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಹೋದರೆ ಏನಾದರೊಂದು ನೆಪ ಸೇರಿಸಿಬಿಡುವ ಬುದ್ಧಿ ನನ್ನದು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೋಲಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ನಮ್ಮೂರು ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಅದರ ಕೊಬ್ಬು ಮೈತುಂಬಾ ಇತ್ತು. ಅಮ್ಮ ಸಾರಿಗೆ ಉಪ್ಪು ಹಾಕಿದರೆ ನಾನು ಪಕ್ಕದಲ್ಲಿ ನಿಂತು ಅದರ ರಾಸಾಯನಿಕ ಹೆಸರು ಹೇಳುತ್ತಿದ್ದೆ. "ಹೆಸರು ಯಾವ್ದಾದ್ರೂ ಇರ್ಲಿ, ಸಾಕಾ ನೋಡೇ" ಎನ್ನುತ್ತಿದ್ದಳು ಅಮ್ಮ.

ಆ ವಾರ ಪ್ರಾಣಿಶಾಸ್ತ್ರದ ಮೇಷ್ಟ್ರು ಸ್ನಾಯುವಿನ ಪಾಠ ಮಾಡಿದ್ದರು. ಬೋರ್ಡಿನ ಮೇಲೆ ದಪ್ಪ ಎಳೆ, ತೆಳು ಎಳೆ. ದಪ್ಪದ್ದು ಮಯೋಸಿನ್, ತೆಳುವಾದದ್ದು ಆಕ್ಟಿನ್. ದಪ್ಪ ಎಳೆಯ ಮೈಮೇಲೆ ಪುಟ್ಟ ಪುಟ್ಟ ತಲೆಗಳು. ತೆಳು ಎಳೆಯನ್ನು ಹಿಡಿದು ಜಗ್ಗಲು ಅವು ಕಾದುಕೊಂಡೇ ಇರುತ್ತವೆ. ಆದರೆ ಹಿಡಿಯುವ ಜಾಗದ ಮೇಲೆ ಒಂದು ದಾರ ಅಡ್ಡ ಬಿದ್ದಿರುತ್ತದೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡರೆ ದಾರ ಪಕ್ಕಕ್ಕೆ ಸರಿಯುತ್ತದೆ, ತಲೆಗಳು ಗಬಕ್ಕನೆ ಹಿಡಿಯುತ್ತವೆ, ಸ್ನಾಯು ಬಿಗಿಯುತ್ತದೆ. ಕ್ಯಾಲ್ಸಿಯಂ ತನ್ನ ಜಾಗಕ್ಕೆ ವಾಪಸು ಹೋದರೆ ದಾರ ಮತ್ತೆ ಅಡ್ಡ, ಸ್ನಾಯು ಸಡಿಲ. "ಕ್ಯಾಲ್ಸಿಯಂ ಇದ್ದರೆ ಬಿಗಿ, ಇಲ್ಲದಿದ್ದರೆ ಸಡಿಲ" ಎಂದು ನೋಟ್ಸಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಷ್ಟು ಸಲೀಸಾಗಿ ಬೇರೆ ಯಾವ ಪಾಠವೂ ನನಗೆ ಅರ್ಥವಾಗಿರಲಿಲ್ಲ.

ಮನೆಯಲ್ಲಿ ಆಗ ಅಕ್ಕನ ಬಾಣಂತನ, ಎರಡನೇ ತಿಂಗಳು. ಕತ್ತಲೆ ಕೋಣೆ, ಕಿವಿಗೆ ಸುತ್ತಿದ ಬಟ್ಟೆ, ಸಾಂಬ್ರಾಣಿ ಹೊಗೆ. ಅಮ್ಮನ ಪಥ್ಯವೆಂದರೆ ಪಥ್ಯ: ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ. ರಾಗಿ ತಂಪು, ಬೇಡ. ಹಾಲು, ಮೊಸರು ಶೀತ, ಬೇಡವೇ ಬೇಡ. ಮನೆ ತುಂಬ ರಾಗಿ, ಕೊಟ್ಟಿಗೆಯಲ್ಲಿ ಕರೆಯುವ ಹಸು ಎರಡು. ಮುದ್ದೆ ನಮಗೆ, ಹಾಲು ಡೈರಿಗೆ. ಅಕ್ಕನಿಗೆ ಧಾರಾಳವಾಗಿ ಸಿಗುತ್ತಿದ್ದದ್ದು ಒಂದೇ, ಎರಡು ಹೊತ್ತು ಊಟದ ಮೇಲೆ ಎಲೆ ಅಡಿಕೆ. ಎಲೆಗೆ ಸುಣ್ಣವನ್ನು ಅಮ್ಮನೇ ಸವರಿ ಕೊಡುತ್ತಿದ್ದಳು.

ಒಂದು ಭಾನುವಾರ ಅಕ್ಕ ಕೋಣೆಯೊಳಗಿನಿಂದ ಕೂಗಿದಳು. "ಲೇ, ಬಾರೇ ಇಲ್ಲಿ. ನನ್ ಕೈ ನೋಡೇ, ಹೆಂಗಾಗ್ಬಿಟ್ಟಿದೆ!"

ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಉಳಿದ ನಾಲ್ಕು ಬೆರಳು ಒಟ್ಟಾಗಿ ಸೆಟೆದಿದ್ದವು, ತುತ್ತು ಎತ್ತಿದ ಕೈ ಹಾಗೇ ನಿಂತುಬಿಟ್ಟಂತೆ. ಬಿಡಿಸಲು ಹೋದರೆ ಅಕ್ಕ ಚೀರಿದಳು. ತುಟಿಯ ಸುತ್ತ ಜುಮ್ಮೆನ್ನುತ್ತಿದೆ ಎಂದಳು. ಸ್ವಲ್ಪ ಹೊತ್ತಿಗೆ ಕೈ ತಾನಾಗಿಯೇ ಸಡಿಲವಾಯಿತು.

"ಗಾಳಿ ಸೋಕೈತೆ" ಎಂದು ಅಮ್ಮ ಇನ್ನೊಂದು ಬಟ್ಟೆ ಸುತ್ತಲು ಬಂದಳು.

"ಗಾಳಿಯೂ ಇಲ್ಲ, ಗೀಳಿಯೂ ಇಲ್ಲ!" ಎಂದು ನಾನು ಎಗರಿಬಿದ್ದೆ. "ಸುಣ್ಣ ಅಂದ್ರೆ ಏನು ಗೊತ್ತೇನಮ್ಮ? ಕ್ಯಾಲ್ಸಿಯಂ. ಅದು ಜಾಸ್ತಿಯಾಗಿ ಕೈ ಬಿಗ್ದುಕೊಂಡಿದೆ. ಎರಡು ಹೊತ್ತೂ ಮೆತ್ತಿ ಮೆತ್ತಿ ತಿನ್ನಿಸ್ತಿರೋಳು ನೀನೇ!"

"ನಮ್ಮತ್ತೆ ನಂಗೂ ಕೊಟ್ಟಿದ್ರು ಕಣೇ. ನಂಗೇನಾಯ್ತು?"

ಓದು ಬಾರದ ಅಮ್ಮನ ಮುಖಕ್ಕೆ ನೋಟ್ಸು ಹಿಡಿದೆ, ಎರಡು ಗೆರೆ ಎಳೆದದ್ದನ್ನು ಬೆರಳಿಟ್ಟು ತೋರಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ, "ಓದಿರೋಳು ಹೇಳ್ತಾಳೆ, ಬಿಡಮ್ಮ" ಎಂದಳು. ನಾನು ಡಬ್ಬಿ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಬೀಸಿ ಎಸೆದೆ.

ಎರಡು ದಿನ ಏನೂ ಆಗಲಿಲ್ಲ. ನಾನು ಮನೆಯಲ್ಲೆಲ್ಲ ಬೀಗುತ್ತಾ ಓಡಾಡಿದೆ. ಮೂರನೇ ದಿನ ಎರಡೆರಡು ಸಲ ಕೈ ಸೆಟೆಯಿತು. ಒಳಗಿರುವ ಕ್ಯಾಲ್ಸಿಯಂ ಇನ್ನೂ ಕರಗಿಲ್ಲವೇನೋ ಎಂದುಕೊಂಡೆ. ಅಥವಾ ನೀರಿನಲ್ಲಿದೆಯೋ? ನೋಟ್ಸು ಎಷ್ಟು ಸಲ ತಿರುವಿದರೂ ಅದೇ ಮಾತು, ಇಲ್ಲದಿದ್ದರೆ ಸಡಿಲ. ಹಾಗಾದರೆ ಇವಳ ಕೈಗೆ ಏನಾಗಿದೆ? ತಲೆ ಕೆಟ್ಟು ಹೋಯಿತು.

ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಕೂಸಿಗೆ ಎಣ್ಣೆ ಹಚ್ಚಿ ಅಕ್ಕನ ಕೈಗೆ ಕೊಟ್ಟಳು. ಕೊಟ್ಟ ಗಳಿಗೆಯಲ್ಲೇ ಅಕ್ಕನ ಎರಡೂ ಕೈ ಮಡಚಿಕೊಂಡವು. ಎಣ್ಣೆಯ ಕೂಸು ಅವಳ ತೋಳಿನಿಂದ ಜಾರತೊಡಗಿತು. ಗಾಬರಿಯಾದರೆ ಅಮ್ಮನ ಬಾಯಲ್ಲಿ ತೆಲುಗೇ ಬರುವುದು. "ಅಯ್ಯೋ ದೇವುಡಾ, ಬಿಡ್ಡ, ಬಿಡ್ಡ!" ಎನ್ನುತ್ತಾ ಬಗ್ಗಿ ಸೆರಗಿನಲ್ಲಿ ಹಿಡಿದುಕೊಂಡಳು. ಇನ್ನೊಂದು ಗೇಣು ಜಾರಿದ್ದರೆ ಕೆಳಗೆ ಕಲ್ಲುಚಪ್ಪಡಿ. ಅಕ್ಕನ ಗಂಟಲಿನಿಂದ ಉಸಿರು ಕೀರಲಾಗಿ ಬರುತ್ತಿತ್ತು. "ನನ್ ಮಗೂನ ನಾನೇ ಹಿಡ್ಕೊಳ್ಳೋಕೆ ಆಗ್ತಿಲ್ವಲ್ಲೇ" ಎಂದು ಅತ್ತಳು.

ಬಸ್ಸಿಗೆ ಕಾಯಲಿಲ್ಲ. ನಂಗಲಿ ಕಡೆಯಿಂದ ಬಂದ ಲಾರಿಗೆ ಕೈ ಅಡ್ಡ ಹಾಕಿ ಮುಳಬಾಗಿಲು ಸೇರಿದೆವು. ಡಾಕ್ಟರಮ್ಮ ಅಕ್ಕನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಅಷ್ಟರಲ್ಲಿ ಸಡಿಲವಾಗಿದ್ದ ಕೈ ಕಣ್ಣೆದುರಿಗೇ ಮತ್ತೆ ಮಡಚಿತು. ರೋಗ ಯಾವುದೆಂದು ಅಷ್ಟರಿಂದಲೇ ತಿಳಿದವರಂತೆ ಅವರು ನರ್ಸಿಗೆ "ಕ್ಯಾಲ್ಸಿಯಂ ಇಂಜೆಕ್ಷನ್ ತಗೊಂಡು ಬಾ" ಎಂದರು.

"ಕ್ಯಾಲ್ಸಿಯಮ್ಮಾ? ಬೇಡಿ ಡಾಕ್ಟ್ರೇ!" ನಾನು ಕಿರುಚಿಬಿಟ್ಟೆ. "ಕೈ ಇನ್ನೂ ಬಿಗಿಯುತ್ತೆ!"

"ಯಾರಮ್ಮ ಇವಳು?"

"ನನ್ ತಂಗಿ ಡಾಕ್ಟ್ರೇ" ಎಂದಳು ಅಕ್ಕ, ಆ ಕೀರಲು ಉಸಿರಿನಲ್ಲೇ. "ಬಿ.ಎಸ್ಸಿ. ಓದ್ತಿದ್ದಾಳೆ."

ಆ ಹೆಮ್ಮೆಗೆ ನಾನು ಅಲ್ಲೇ ಕುಸಿಯಬೇಕಿತ್ತು. ಡಾಕ್ಟರಮ್ಮ ರಕ್ತನಾಳಕ್ಕೆ ಸೂಜಿ ಚುಚ್ಚಿ ನಿಧಾನವಾಗಿ, ಬಹಳ ನಿಧಾನವಾಗಿ ಮದ್ದು ಬಿಟ್ಟರು. ಅಕ್ಕನ ಕಿರುಬೆರಳು ಮೊದಲು ಅಲುಗಿತು. ಆಮೇಲೆ ಒಂದೊಂದೇ ಬೆರಳು ಬಿಚ್ಚಿತು, ಕೊನೆಗೆ ಹೆಬ್ಬೆರಳು. ಬಿಗಿಸಬೇಕಾದ ಕ್ಯಾಲ್ಸಿಯಂ ಬಿಚ್ಚಿಸುತ್ತಿತ್ತು.

"ನೀನು ಓದಿದ್ದು ಸರಿನೇ" ಎಂದರು ಡಾಕ್ಟರಮ್ಮ. "ಅದು ಸ್ನಾಯುವಿನ ಒಳಗಿನ ಕಥೆ. ಅಲ್ಲಿ ಕ್ಯಾಲ್ಸಿಯಂ ದಾಸ್ತಾನು ಬೇಕಾದಷ್ಟಿದೆ. ರಕ್ತದಲ್ಲಿ ಕಮ್ಮಿಯಾದ್ರೆ ನರ ಸುಮ್ಸುಮ್ನೆ ಕೆರಳತ್ತೆ, ಆ ದಾಸ್ತಾನು ಬಿಡು ಬಿಡು ಅಂತ ಸ್ನಾಯುವಿನ ಪ್ರಾಣ ತಿನ್ನತ್ತೆ. ಬಾಣಂತಿಗೆ ರಾಗಿ, ಹಾಲು ಕೊಡ್ತಿದ್ದೀರಾ?"

"ತಂಪು ಅಂತ ಕೊಟ್ಟಿಲ್ಲ" ಎಂದಳು ಅಮ್ಮ.

"ಎಲೆಗೆ ಸುಣ್ಣನಾದ್ರೂ ಹಾಕ್ಕೊಳ್ತಿದ್ಯೇನಮ್ಮ?"

ಅಕ್ಕ ನನ್ನ ಕಡೆ ನೋಡಲೂ ಇಲ್ಲ. "ಬಾಯಿ ಸುಟ್ಟಿತ್ತು ಡಾಕ್ಟ್ರೇ, ನಾನೇ ಬಿಟ್ಬಿಟ್ಟೆ" ಎಂದಳು.

ಒಳಗಿನ ಕ್ಯಾಲ್ಸಿಯಂ, ಹೊರಗಿನ ಕ್ಯಾಲ್ಸಿಯಂ. ಆಮೇಲೆ ಕಾಲೇಜಿನಲ್ಲಿ ಮೇಷ್ಟ್ರನ್ನು ಕೇಳಿದೆ, ಇನ್ನೊಂದು ಚಿತ್ರ ಬರೆದು ತೋರಿಸಿದರು. ತಲೆಯಾಡಿಸಿ ಬಂದೆ, ಅರ್ಥವಾಗಲಿಲ್ಲ. ಅಷ್ಟು ಚೂರು ಸುಣ್ಣದಿಂದ ಏನಾಗುತ್ತಿತ್ತು, ನಾನು ಎಸೆಯದಿದ್ದರೆ ಕೂಸು ಜಾರುತ್ತಿರಲಿಲ್ಲವೇ, ಅದೂ ಇವತ್ತಿನವರೆಗೆ ಗೊತ್ತಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಮಧ್ಯಾಹ್ನವೇ ಅಮ್ಮ ಅಕ್ಕನ ತಟ್ಟೆಗೆ ಮುದ್ದೆ ಇಟ್ಟಳು, ಪಕ್ಕದಲ್ಲಿ ಒಂದು ಲೋಟ ಹಾಲು. ಊಟ ಮುಗಿಸಿ ಅಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಕಡೆ ಕೈ ಚಾಚಿದಳು. ಬೆರಳುಗಳು ಅಗಲವಾಗಿ ತೆರೆದಿದ್ದವು.

"ಲೇ, ಒಂದೆಲೆಗೆ ಸುಣ್ಣ ಹಚ್ಚಿ ಕೊಡೇ."

ತಿಪ್ಪೆಯಿಂದ ಡಬ್ಬಿ ಹುಡುಕಿ ತಂದು ತೊಳೆದೆ. ಎಲೆ ಅಂಗೈಯಲ್ಲಿಟ್ಟುಕೊಂಡು ನಿಂತೆ. ಎಷ್ಟು ಹಚ್ಚಬೇಕೋ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ.